ಚಳಿಗೆ ಮುನಿಯುವ ಮೋಟಾರ್ ಸೈಕಲ್

ಅಕ್ಟೋಬರ್ ಕೊನೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೊಡನೆ ಬ್ರಿಟನ್ನಿನ ನಮ್ಮ ಸದಸ್ಯರಲ್ಲಿ ಒಂದು ದೂರು ಶುರುವಾಗುತ್ತದೆ: "ಬೇಸಿಗೆಯಲ್ಲಿ ಗುಂಡಿ ಒತ್ತಿದ ತಕ್ಷಣ ಸ್ಟಾರ್ಟ್ ಆಗುತ್ತಿದ್ದ ಬೈಕು ಈಗ ಮೊಂಡು ಹಿಡಿದಿದೆ, ಏನು ಮಾಡೋಣ?" ಮೆಕ್ಯಾನಿಕ್ಕಿನ ವಿದ್ಯೆ ನಮ್ಮದಲ್ಲ, ನಮ್ಮದು ರಸಾಯನಶಾಸ್ತ್ರ. ಆದರೆ ಚಳಿಗೆ ಬೈಕು ಮುನಿಯುವುದರಲ್ಲಿ ಬಹುಪಾಲು ರಸಾಯನಶಾಸ್ತ್ರವೇ ಅಡಗಿದೆಯಾದ್ದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಇಂಜಿನ್ ಹೊರಡಲು ಮೂರು ಬೇಕು: ತಿರುಗಿಸುವ ಬಲ, ಉರಿಯಬಲ್ಲ ಆವಿ, ಸರಿಯಾದ ಕಿಡಿ. ಚಳಿ ಈ ಮೂರನ್ನೂ ಕುಂದಿಸುತ್ತದೆ. ಬೇಸಿಗೆಯಲ್ಲಿ ಹೇಗೋ ಸಾಗುತ್ತಿದ್ದ ಸಣ್ಣ ಊನ ಆಗ ಬಯಲಾಗುತ್ತದೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಹ್ಯಾಂಡಲಿನ ಕೆಂಪು ಸ್ವಿಚ್ಚು, ನ್ಯೂಟ್ರಲ್ ದೀಪ, ಸೈಡ್ ಸ್ಟ್ಯಾಂಡು, ಪೆಟ್ರೋಲ್ ಕಾಕ್ ಇಷ್ಟನ್ನು ನೋಡಿ. ನಗಬೇಡಿ, ದಪ್ಪ ಕೈಗವಸು ತಗುಲಿ ಆಫ್ ಆದ ಸ್ವಿಚ್ಚಿಗಾಗಿ ಇಡೀ ಬೈಕು ಬಿಚ್ಚಿದವರಿದ್ದಾರೆ.

ಇನ್ನು ಗುಂಡಿ ಒತ್ತಿ ಕಿವಿಗೊಡಿ. ಬರೀ 'ಟಿಕ್ ಟಿಕ್' ಎಂದರೆ, ಇಲ್ಲವೇ ಇಂಜಿನ್ ತೂಕಡಿಸಿದಂತೆ ತಿರುಗಿದರೆ, ಮೊದಲ ಸಂಶಯ ಬ್ಯಾಟರಿಯ ಮೇಲೆ. ಸೀಸ ಮತ್ತು ಗಂಧಕಾಮ್ಲಗಳ ನಡುವಿನ ಕ್ರಿಯೆ ಚಳಿಯಲ್ಲಿ ನಿಧಾನವಾಗುತ್ತದೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬ್ಯಾಟರಿ ಕೊಡುವುದು ಹೆಚ್ಚುಕಡಿಮೆ ಅರ್ಧ. ಅದೇ ಹೊತ್ತಿಗೆ ಇಂಜಿನ್ ಆಯಿಲ್ ಮಂದವಾಗಿ, ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಆದಾಯ ಇಳಿದಾಗಲೇ ಖರ್ಚು ಏರಿದ ಸಂಸಾರದ ಹಾಗೆ! ವೋಲ್ಟ್ ಮೀಟರ್ ಹಿಡಿದು ನೋಡಿ: 12.6 ಇದ್ದರೆ ಹೊಟ್ಟೆ ತುಂಬಿದೆ, 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಉಪವಾಸ. ಚಾರ್ಜ್ ಕಳೆದುಕೊಂಡ ಬ್ಯಾಟರಿಯ ಆಮ್ಲ ನೀರಿನಂತಾಗಿ ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಬಹುದು. ಹಾಗೆ ಹೆಪ್ಪುಗಟ್ಟಿದ, ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಎಂದೂ ಚಾರ್ಜ್ ಮಾಡಬೇಡಿ; ಸಿಡಿಯುವ ಭಯವುಂಟು.

ಇಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲಿನತ್ತ ತಿರುಗೋಣ. ಉರಿಯುವುದು ಪೆಟ್ರೋಲಿನ ದ್ರವವಲ್ಲ, ಅದರ ಆವಿ. ಪೆಟ್ರೋಲು ಹಲವು ಹೈಡ್ರೋಕಾರ್ಬನ್ನುಗಳ ಮಿಶ್ರಣ. ಚಳಿಯಲ್ಲಿ ಆವಿಯಾಗುವುದು ಮುಖ್ಯವಾಗಿ ಅದರ ಹಗುರ ಅಂಶಗಳು. ಬೇಸಿಗೆಯಿಂದ ಟ್ಯಾಂಕಿನಲ್ಲೇ ಕುಳಿತ ಪೆಟ್ರೋಲು ಆ ಹಗುರ ಅಂಶಗಳನ್ನೇ ಕಳೆದುಕೊಂಡಿರುತ್ತದೆ. ಇನ್ನೊಂದು ತೊಡಕೂ ಇದೆ: 2021ರ ಸೆಪ್ಟೆಂಬರಿನಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲ್ ಇರುತ್ತದೆ. ಎಥನಾಲಿಗೆ ನೀರೆಂದರೆ ಪ್ರೀತಿ. ನೀರಿನಂಶ ಹೆಚ್ಚಾದರೆ ಎರಡೂ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಹಳೆಯ ಪೆಟ್ರೋಲನ್ನು ಜೋಪಾನವಾಗಿ ಹೊರತೆಗೆದು ಹೊಸದು ಹಾಕುವುದೇ ಮದ್ದು.

ಕಾರ್ಬ್ಯುರೇಟರ್ ಇರುವ ಬೈಕಿಗೆ ಚೋಕ್ ಪೂರ್ತಿ ಎಳೆಯಿರಿ. ಪೆಟ್ರೋಲಿನ ಪಾಲು ಹೆಚ್ಚಾದರೆ, ಅದರಲ್ಲಿ ಆವಿಯಾಗುವಷ್ಟಾದರೂ ಉರಿಯಲು ಸಾಕಾಗುತ್ತದೆ. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳನ್ನು ಓಡಿಸಿದವರಿಗೆ ನೆನಪಿರಬಹುದು: ಕಿಕ್ ಹೊಡೆಯುವ ಮೊದಲು ಕಾರ್ಬ್ಯುರೇಟರಿನ ಟಿಕ್ಲರ್ ಒತ್ತಿ ಪೆಟ್ರೋಲು ಜಿನುಗಿಸುತ್ತಿದ್ದುದೂ ಇದೇ ಕಾರಣಕ್ಕೆ. ಫ್ಯುಯೆಲ್ ಇಂಜೆಕ್ಷನ್ ಬೈಕಾದರೆ ಕೀಲಿ ತಿರುಗಿಸಿ, ಪಂಪಿನ 'ಗುಂಯ್' ಸದ್ದು ನಿಂತ ಮೇಲೆ ಗುಂಡಿ ಒತ್ತಿ. ಒಂದು ಸಲಕ್ಕೆ ಐದು ಸೆಕೆಂಡು ಸಾಕು. ನಡುವೆ ಅರ್ಧ ನಿಮಿಷ ಬಿಡುವು ಕೊಡಿ.

ಕೊನೆಗೆ ಪ್ಲಗ್ಗು ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲು ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಮಿತಿಮೀರಿದೆ, ಇಲ್ಲವೇ ಕಿಡಿ ಸೋತಿದೆ. ಒರೆಸಿ ಒಣಗಿಸಿ ಮತ್ತೆ ಹಾಕಿ, ಚೋಕ್ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಪ್ರಯತ್ನಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಬೈಕು ಹೊರಟರೂ ರೋಗ ಯಾವುದೆಂದು ತಿಳಿಯುವುದಿಲ್ಲ.

ಇಷ್ಟೆಲ್ಲ ಬರೆದದ್ದಕ್ಕಿಂತ ಮುಖ್ಯವಾದ ಮಾತೊಂದಿದೆ; ಮನೆಯವರೆಲ್ಲರೂ ಓದಬೇಕು. ಚಳಿಯೆಂದು ಗ್ಯಾರೇಜಿನ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸಬೇಡಿ. ಚೋಕ್ ಎಳೆದ ಇಂಜಿನ್ನಿನಲ್ಲಿ ಪೆಟ್ರೋಲು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಗ್ಯಾರೇಜಿನಿಂದ ಒಳಕ್ಕೆ ಬಾಗಿಲಿದೆ, ಮೇಲೆ ಮಕ್ಕಳು ಮಲಗುವ ಕೋಣೆಯಿದೆ. ಬಾಗಿಲು ತೆರೆದರೂ ಸಾಲದು; ಬೈಕನ್ನು ಬಯಲಿಗೆ ತಳ್ಳಿಕೊಂಡು ಬಂದು ಆಮೇಲೆ ಸ್ಟಾರ್ಟ್ ಮಾಡಿ. ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಇಂಜಿನ್ ಗೊಡವೆ ಬಿಟ್ಟು ಎಲ್ಲರನ್ನೂ ಕೂಡಲೇ ಹೊರಗಿನ ಗಾಳಿಗೆ ಕರೆತಂದು ವೈದ್ಯಕೀಯ ನೆರವು ಕೋರಿ. ಮನೆಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದವರು ಈ ವಾರವೇ ತಂದು ಹಾಕಿಸಿ. ಬೈಕು ಹೊರಡದಿದ್ದರೆ ಆ ದಿನ ಬಸ್ಸಿನಲ್ಲಿ ಹೋದರಾಯಿತು.

ಗಡಸು ನೀರಿನಲ್ಲಿ ತೊಗರಿಬೇಳೆ ಏಕೆ ಬೇಯುವುದಿಲ್ಲವೆಂದು ಕೇಳಿದ ಸೋದರಿಯರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇವೆ.