ಪಾದಚಾರಿಯ ಬೀದಿಯಲ್ಲಿ ಯಂತ್ರವಿಹಾರ

ಚೆಕ್ ದೇಶದ ರಾಜಧಾನಿಯಾದ ಪ್ರಾಗ್ ನಗರದ ಆಡಳಿತವು 2016ನೆಯ ಇಸವಿಯಲ್ಲಿ ತನ್ನ ಪುರಾತನ ಕೇಂದ್ರಭಾಗದಿಂದ ಸೆಗ್ವೇ ಎಂಬ ವಿದ್ಯುದ್ವಾಹನವನ್ನು ನಿಷೇಧಿಸಿದಾಗ, ಅದನ್ನು ಪ್ರವಾಸಿಗಳಿಗೆ ಬಾಡಿಗೆಗಿತ್ತು, ಮಾರ್ಗದರ್ಶಕನೊಬ್ಬನ ಹಿಂದೆ ಅವರನ್ನು ಸಾಲಾಗಿ ಹೊರಡಿಸಿ ಊರು ತೋರಿಸುವುದನ್ನೇ ಉದ್ಯೋಗವಾಗಿ ಮಾಡಿಕೊಂಡಿದ್ದವರು ತಮ್ಮ ಹೊಟ್ಟೆಯ ಮೇಲೆ ಹೊಡೆದಂತಾಯಿತೆಂದು ಕೂಗೆಬ್ಬಿಸಿದರು. ಆ ಬೀದಿಗಳಲ್ಲಿ ಮನೆಮಾಡಿಕೊಂಡು ವರ್ಷಗಟ್ಟಲೆ ದೂರು ಹೇಳುತ್ತ ಬಂದಿದ್ದ ನಿವಾಸಿಗಳು, ಕಟ್ಟಕಡೆಗೆ ತಮ್ಮ ಮಾತಿಗೂ ಕಿವಿಗೊಡುವವರು ಸಿಕ್ಕಿದರೆಂದು ಸಮಾಧಾನಪಟ್ಟರು. ಅಂದಿನಿಂದ ಈ ವಿವಾದವು ಯಂತ್ರದ ಹೆಸರನ್ನು ಬದಲಿಸಿಕೊಂಡು ಯೂರೋಪಿನ ನಗರಗಳಲ್ಲಿ ಸಂಚರಿಸುತ್ತಲೇ ಇದೆ. ಪ್ರಾಗ್ ನಗರದ ನಿರ್ಣಯವು ನ್ಯಾಯವಾದುದೆಂದೂ, ಆದರೆ ಅದು ಅರ್ಧದಾರಿಯಲ್ಲಿಯೇ ನಿಂತುಹೋಯಿತೆಂದೂ ನನ್ನ ಅಭಿಪ್ರಾಯ.

ಈ ವಾಹನವನ್ನು ಕಾಣದಿದ್ದವರಿಗಾಗಿ ಅದರ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಅಕ್ಕಪಕ್ಕದಲ್ಲಿ ಎರಡು ಚಕ್ರಗಳು, ಅವುಗಳ ನಡುವೆ ಎರಡು ಪಾದಗಳಿಗೆ ಸಾಲುವಷ್ಟು ಹಲಗೆ, ಎದೆಯೆತ್ತರಕ್ಕೆ ಒಂದು ಹಿಡಿ: ಇಷ್ಟೆ. ಸವಾರನು ಮುಂದಕ್ಕೆ ಬಾಗಿದರೆ ಅದು ಮುಂದಕ್ಕೆ ಚಲಿಸುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಒಳಗಿರುವ ಸೂಕ್ಷ್ಮೋಪಕರಣಗಳು ಸಮತೋಲವನ್ನು ಕ್ಷಣಕ್ಷಣಕ್ಕೂ ಕಾಪಾಡುತ್ತವೆ. ಅಮೆರಿಕದ ಡೀನ್ ಕೇಮನ್ 2001ನೆಯ ಡಿಸೆಂಬರಿನಲ್ಲಿ ಇದನ್ನು ಲೋಕದ ಮುಂದಿಟ್ಟಾಗ ನಗರಸಂಚಾರದ ರೀತಿಯೇ ಮಾರ್ಪಡುವುದೆಂಬ ನಿರೀಕ್ಷೆ ಎಲ್ಲೆಡೆಯೂ ಹುಟ್ಟಿತ್ತು. ಆ ನಿರೀಕ್ಷೆ ಕೈಗೂಡಲಿಲ್ಲ. ದಿನನಿತ್ಯದ ಕೆಲಸಕ್ಕೆ ಹೋಗಿಬರುವವರು ಅದನ್ನು ಕೊಳ್ಳಲಿಲ್ಲ. ಅದಕ್ಕೆ ಆಶ್ರಯವಿತ್ತವರು ಮುಖ್ಯವಾಗಿ ಕಾವಲುಗಾರರ ಸಂಸ್ಥೆಗಳು ಮತ್ತು ಪ್ರವಾಸದ ವರ್ತಕರು. 2020ರಲ್ಲಿ ಅದರ ತಯಾರಿಕೆಯೇ ನಿಂತಿತು. ಊರಿನ ನಿವಾಸಿಗೆ ಬೇಡವಾದ ವಾಹನವೊಂದು, ಎರಡು ದಿನದ ಅತಿಥಿಯ ವಿನೋದಕ್ಕಾಗಿ ಆ ನಿವಾಸಿಯ ಕಾಲುಹಾದಿಯನ್ನೇ ಆಕ್ರಮಿಸಿತೆಂಬುದು ಈ ವ್ಯಾಜ್ಯದ ಮೂಲ.

ಆಕ್ರಮಣವೆಂಬ ಮಾತನ್ನು ತೂಗಿನೋಡಿಯೇ ಬಳಸಿದ್ದೇನೆ. ಚೆಕ್ ದೇಶದ ರಸ್ತೆಕಾಯಿದೆಯು ಬಹುಕಾಲ ಈ ಸವಾರನನ್ನು ಪಾದಚಾರಿಯೆಂದೇ ಎಣಿಸುತ್ತಿದ್ದಿತು. 2016ರ ಆರಂಭದಲ್ಲಿ ತಿದ್ದುಪಡಿಯಾದ ಮೇಲೆಯೇ ಆಯಾ ಊರಿನ ಆಡಳಿತಕ್ಕೆ ಇಂಥ ವಾಹನಗಳನ್ನು ನಿಯಂತ್ರಿಸುವ ಅಧಿಕಾರ ದೊರೆಯಿತು. ಆದರೆ ಪಾದಚಾರಿಯೆಂದು ಕಾಯಿದೆ ಕರೆದ ಮಾತ್ರಕ್ಕೆ ಯಂತ್ರದ ತೂಕ ಇಳಿಯುವುದಿಲ್ಲ. ಸುಮಾರು 47 ಕಿಲೋ ತೂಗುವ ಯಂತ್ರ, ಅದರ ಮೇಲೆ ಎಪ್ಪತ್ತು ಕಿಲೋ ತೂಕದ ಮನುಷ್ಯ, ಎರಡೂ ಕೂಡಿ ಗಂಟೆಗೆ 20 ಕಿಲೋಮೀಟರಿನವರೆಗೆ ಓಡಬಲ್ಲವು. ನಡೆಯುವವನ ವೇಗ ಗಂಟೆಗೆ ಐದು ಕಿಲೋಮೀಟರು. ವೇಗವು ನಾಲ್ಕು ಪಟ್ಟಾದರೆ ಆಘಾತದ ಶಕ್ತಿಯು ಹದಿನಾರು ಪಟ್ಟಾಗುವುದೆಂಬುದು ಶಾಲೆಯ ಭೌತಶಾಸ್ತ್ರ. ಹೆಚ್ಚಿದ ತೂಕವನ್ನು ಅದರ ಮೇಲೆ ಸೇರಿಸಿಕೊಳ್ಳಬೇಕು. ಇಷ್ಟಾಗಿಯೂ ಆ ಸವಾರನು ಅಭ್ಯಾಸವುಳ್ಳವನಲ್ಲ. ಕೆಲವು ನಿಮಿಷಗಳ ಪಾಠವನ್ನು ಕೇಳಿ, ತಲೆಗೆ ಹೆಲ್ಮೆಟ್ ಬಿಗಿದುಕೊಂಡು, ಕಂಡರಿಯದ ಊರಿನ ಇಕ್ಕಟ್ಟಾದ ಬೀದಿಗೆ ಇಳಿದವನು. ಯಂತ್ರವೋ ನಿಶ್ಶಬ್ದವಾದದ್ದು. ಹಿಂದಿನಿಂದ ಬರುವ ಅದರ ಸುಳಿವು ಕಣ್ಣು ಮಂದವಾದವರಿಗೂ ಕಿವಿ ಮಂದವಾದವರಿಗೂ ಸಮನಾಗಿ ತಿಳಿಯದು. ಹೆಲ್ಮೆಟ್ಟು ಸವಾರನ ತಲೆಯನ್ನು ಕಾಯುತ್ತದೆ. ಕೋಲೂರಿಕೊಂಡು ಅಂಗಡಿಗೆ ಹೊರಟ ಮುದುಕಿಯ ಮೂಳೆಯನ್ನು ಕಾಯುವ ಉಪಕರಣವೊಂದನ್ನು ಯಾವ ವರ್ತಕನೂ ಒದಗಿಸಲಿಲ್ಲ.

ಪ್ರಾಗ್ ನಗರವು ಪ್ರಗತಿಗೆ ಬೆನ್ನುಮಾಡಿತೆಂದು, ವಿದ್ಯುತ್ತಿನಂಥ ನಿರ್ಮಲವಾದ ಶಕ್ತಿಗೆ ಹೆದರಿತೆಂದು ಆಕ್ಷೇಪಿಸುವವರು ಆ ಊರಿನ ಚರಿತ್ರೆಯನ್ನು ಓದಿಲ್ಲ. 1891ರಲ್ಲಿಯೇ ಫ್ರಾಂಟಿಶೆಕ್ ಕ್ರಿಜೀಕ್ ಎಂಬ ಯಂತ್ರಜ್ಞನು ಅಲ್ಲಿನ ಲೆಟ್ನಾ ದಿನ್ನೆಯ ಮೇಲೆ ವಿದ್ಯುತ್ ಟ್ರಾಮನ್ನು ಓಡಿಸಿದನು. ನಾಲ್ಕನೆಯ ಚಾರ್ಲ್ಸ್ ದೊರೆಯು 1357ರಲ್ಲಿ ಅಸ್ತಿಭಾರವಿಕ್ಕಿದ, 516 ಮೀಟರ್ ಉದ್ದದ ಚಾರ್ಲ್ಸ್ ಸೇತುವೆಯ ಮೇಲೆ 1883ರಿಂದ ಕುದುರೆ ಟ್ರಾಮು ಓಡಾಡುತ್ತಿದ್ದಿತು. 1905ರಲ್ಲಿ ಅದರ ಸ್ಥಾನಕ್ಕೆ ವಿದ್ಯುತ್ ಟ್ರಾಮು ಬಂದಾಗ, ತಲೆಯ ಮೇಲೆ ತಂತಿ ಎಳೆದರೆ ಸೇತುವೆಯ ಸೌಂದರ್ಯ ಕೆಡುವುದೆಂದು ಭಾವಿಸಿ, ಅದೇ ಕ್ರಿಜೀಕನು ನೆಲದೊಳಗಿನಿಂದ ವಿದ್ಯುತ್ತನ್ನು ಪಡೆಯುವ ವಿಶೇಷ ವ್ಯವಸ್ಥೆಯನ್ನು ರೂಪಿಸಿದನು. ಅಷ್ಟೊಂದು ಗೌರವದಿಂದ ಬಂದ ಟ್ರಾಮನ್ನೂ 1908ರಲ್ಲಿ ಸೇತುವೆಯಿಂದ ತೆಗೆದರು. ತರುವಾಯ ಮೋಟಾರುಗಳು ಬಂದವು. 1965ರಲ್ಲಿ ಆರಂಭವಾಗಿ 1978ರಲ್ಲಿ ಮುಗಿದ ಜೀರ್ಣೋದ್ಧಾರದೊಂದಿಗೆ ಅವೂ ಹೋದವು, ಸೇತುವೆಯು ಪಾದಚಾರಿಗೆ ಸೇರಿತು. ತಲೆಮಾರುಗಳ ಕಾಲ ಒಂದೊಂದಾಗಿ ವಾಹನಗಳನ್ನು ಪರೀಕ್ಷಿಸಿ, ಒಂದೊಂದನ್ನೇ ಹಿಂತೆಗೆದು ಗಳಿಸಿಕೊಂಡ ಆ ಹಕ್ಕನ್ನು, ಬಾಡಿಗೆಯ ಅಂಗಡಿಯೊಂದರ ಲಾಭಕ್ಕಾಗಿ ಬಿಟ್ಟುಕೊಡಬೇಕೆಂದು ಕೇಳುವುದು ಯಾವ ಪ್ರಗತಿ?

ಊರನ್ನು ನೋಡುವುದೆಂದರೇನೆಂಬ ವಿಷಯವೂ ಇಲ್ಲಿದೆ; ನನಗೆ ಬಹು ಮುಖ್ಯವಾಗಿ ತೋರುವುದು ಅದೇ. ಮಾಲಾ ಸ್ಟ್ರಾನಾ ಎಂಬ ಕೆಳಪೇಟೆಯಿಂದ ಕೋಟೆಯ ಕಡೆಗೆ ಏರುವ ನೆರುದೋವಾ ಬೀದಿಯನ್ನೇ ತೆಗೆದುಕೊಳ್ಳೋಣ. 1770ರಲ್ಲಿ ಮನೆಗಳಿಗೆ ಸಂಖ್ಯೆಯನ್ನು ಕೊಡುವುದಕ್ಕೆ ಮೊದಲು ಅಲ್ಲಿ ಮನೆಯನ್ನು ಗುರುತಿಸುತ್ತಿದ್ದುದು ಬಾಗಿಲಿನ ಮೇಲ್ಗಡೆ ಕೆತ್ತಿದ ಅಥವಾ ಚಿತ್ರಿಸಿದ ಚಿಹ್ನೆಯಿಂದ. ಒಂದು ಮನೆಯ ಮೇಲೆ ಚಿನ್ನದ ಬಟ್ಟಲು. ಇನ್ನೊಂದರ ಮೇಲೆ ಕೆಂಪು ಕುರಿಮರಿ. ಪಿಟೀಲು ಮಾಡುವ ಮನೆತನದವರು ವಾಸಿಸುತ್ತಿದ್ದ ಹನ್ನೆರಡನೆಯ ಸಂಖ್ಯೆಯ ಮನೆಯ ಮೇಲೆ ಮೂರು ಪುಟ್ಟ ಪಿಟೀಲುಗಳು. ಏರಿನ ಮೇಲ್ಗಡೆ, ನಲವತ್ತೇಳನೆಯ ಸಂಖ್ಯೆಯ ಮನೆಯ ನೆತ್ತಿಯಲ್ಲಿ ಎರಡು ಸೂರ್ಯರು. ಈ ಎರಡು ಸೂರ್ಯರ ಮನೆಯಲ್ಲಿ ಬೆಳೆದ ಯಾನ್ ನೆರುದನು 1878ರಲ್ಲಿ ಆ ಕೆಳಪೇಟೆಯ ಜನರ ಬದುಕನ್ನು ಕಥೆಗಳಾಗಿ ಪ್ರಕಟಿಸಿದನು. ಬೀದಿಗೆ ಹೆಸರು ಬಂದದ್ದು ಅವನಿಂದಲೇ. ಇವೆಲ್ಲವೂ ತಲೆಯೆತ್ತಿ ನೋಡಿದವರಿಗೆ ಮಾತ್ರ ಕಾಣಿಸತಕ್ಕವು. ಒಂದು ಚಿಹ್ನೆಯ ಮುಂದೆ ನಿಲ್ಲಬೇಕು, ಎದುರುಬದಿಗೆ ದಾಟಿ ಮತ್ತೊಮ್ಮೆ ನೋಡಬೇಕು, ಯಾರದೋ ಅಡಿಗೆಮನೆಯ ವಾಸನೆಗೆ ಮೂಗರಳಿಸಿ ತುಸು ತಡೆಯಬೇಕು. ಯಂತ್ರವನ್ನೇರಿದವನ ದೃಷ್ಟಿಯು ಕಲ್ಲುಹಾಸಿನ ಸಂದುಗಳ ಮೇಲೆಯೂ ಮುಂದಿನ ಸವಾರನ ಚಕ್ರದ ಮೇಲೆಯೂ ನೆಟ್ಟಿರಬೇಕಾಗುತ್ತದೆ, ಇಲ್ಲದಿದ್ದರೆ ಅವನು ಬೀಳುತ್ತಾನೆ. ಮಾರ್ಗದರ್ಶಕನು ಕೈತೋರಿಸಿದ ಸ್ಥಳಗಳಲ್ಲಿ ನಿಂತು, ಹೇಳಿದ್ದನ್ನು ಕೇಳಿ, ಚಿತ್ರ ತೆಗೆಸಿಕೊಂಡು ಮುಂದುವರಿಯುವ ಅವನಿಗೆ ನೆರುದನ ಬೀದಿಯು ಕೇವಲ ಒಂದು ಏರುದಾರಿ. ಅವನ ಹಣಕ್ಕೆ ಯಂತ್ರಾನುಭವ ದೊರೆಯಿತು, ಪ್ರಾಗ್ ದೊರೆಯಲಿಲ್ಲ.

ಏರುದಾರಿಯನ್ನು ಹತ್ತಲಾರದ ವೃದ್ಧರ ಗತಿಯೇನೆಂಬ ಪ್ರಶ್ನೆಯನ್ನು ಪ್ರತಿಪಕ್ಷದವರು ಎತ್ತುತ್ತಾರೆ. ಅದು ಗೌರವಾರ್ಹವಾದ ಪ್ರಶ್ನೆ. ಕೋಟೆಯ ಬಳಿಗೆ 22ನೆಯ ಸಂಖ್ಯೆಯ ಟ್ರಾಮು ಹೋಗುತ್ತದೆ. ಅದೂ ವಿದ್ಯುತ್ತಿನಿಂದಲೇ ಓಡತಕ್ಕದ್ದು, ತನ್ನ ಹಳಿಯನ್ನು ಬಿಟ್ಟು ಯಾರ ಕಾಲುಹಾದಿಗೂ ನುಗ್ಗತಕ್ಕದ್ದಲ್ಲ. ನಿಂತು ಸಮತೋಲ ಕಾಯ್ದುಕೊಳ್ಳಬೇಕಾದ ಯಂತ್ರವು ಅಶಕ್ತರಲ್ಲಿ ಬಹುಮಂದಿಗೆ ಉಪಯೋಗಕ್ಕೆ ಬರುವುದೂ ಇಲ್ಲ. ಗಾಲಿಕುರ್ಚಿಯವರು, ಮತ್ತು ನಿಲ್ಲಬಲ್ಲರಾದರೂ ನಡೆಯಲಾರದೆ ಇಂಥ ಯಂತ್ರವನ್ನು ಊರುಗೋಲಾಗಿ ಬಳಸುವ ಕೆಲವರು, ಎಲ್ಲಿಯೂ ತಡೆಯಿಲ್ಲದೆ ಸಂಚರಿಸಬೇಕು. ಅವರು ನಿಜವಾಗಿ ಪಾದಚಾರಿಗಳೇ. ಅವರ ಹೆಸರನ್ನು ಮುಂದೊಡ್ಡಿ ಆರೋಗ್ಯವಂತ ಯುವಕರ ತಂಡಗಳಿಗೆ ರಹದಾರಿ ಕೇಳುವುದು ಸರಿಯಲ್ಲ. ಕೆಲಸ ಕಳೆದುಕೊಂಡ ಮಾರ್ಗದರ್ಶಕರ ಕಷ್ಟವು ನಿಜವಾದದ್ದು, ಅದನ್ನು ಹಗುರಾಗಿ ಕಾಣಲಾರೆ. ಆದರೆ ಅವರ ವಿದ್ಯೆಯು ಊರಿನ ಕಥೆಯನ್ನು ಹೇಳುವುದರಲ್ಲಿದೆ, ಮತ್ತು ಆ ಕಥೆಗೆ ನಡೆಯುವ ಶ್ರೋತೃಗಳು ಪ್ರಾಗ್ ನಗರದಲ್ಲಿ ಎಂದೂ ಕಡಿಮೆಯಾಗಿಲ್ಲ.

ಇಷ್ಟು ಹೇಳಿದ ಮೇಲೆ ಆ ನಿಷೇಧದ ನ್ಯೂನತೆಗೆ ಬರಬೇಕು. ಸೆಗ್ವೇಗಳು ಕಣ್ಮರೆಯಾದ ಬೀದಿಗಳಿಗೆ ದಪ್ಪ ಟೈರಿನ, ಕೂತು ಓಡಿಸುವ ವಿದ್ಯುತ್ ಸ್ಕೂಟರುಗಳು ಬಂದವು; ಅದೇ ಪ್ರವಾಸ, ಅದೇ ಸಾಲು. ಬೇರೆಡೆ ನಿಂತು ಓಡಿಸುವ ತೆಳ್ಳನೆಯ ಸ್ಕೂಟರುಗಳ ಹಾವಳಿ ಹೆಚ್ಚಿತು. ಪ್ಯಾರಿಸ್ಸಿನಲ್ಲಿ ಸುಮಾರು 15,000 ಬಾಡಿಗೆ ಸ್ಕೂಟರುಗಳು ತುಂಬಿಹೋಗಿ, 2023ರ ಏಪ್ರಿಲ್ 2ರಂದು ನಡೆದ ಜನಾಭಿಪ್ರಾಯದಲ್ಲಿ ಮತವಿತ್ತವರ ಪೈಕಿ ನೂರಕ್ಕೆ 89ರಷ್ಟು ಮಂದಿ ಅವು ಬೇಡವೆಂದರು. ಮತವಿತ್ತವರು ನೂರಕ್ಕೆ ಎಂಟಕ್ಕಿಂತ ಕಡಿಮೆಯೆಂಬುದನ್ನು ಸ್ಕೂಟರಿನ ಪಕ್ಷದವರು ಎತ್ತಿ ಆಡಿದರು, ಆಡಬೇಕಾದದ್ದೇ; ಆದರೂ ಅದೇ ವರ್ಷ ಆಗಸ್ಟ್ ಮುಗಿಯುವಷ್ಟರಲ್ಲಿ ಬಾಡಿಗೆ ಸ್ಕೂಟರುಗಳು ಅಲ್ಲಿಂದ ತೆರಳಿದವು. ಯಂತ್ರದ ಹೆಸರನ್ನೋ ಆಕಾರವನ್ನೋ ಹಿಡಿದು ಬರೆದ ಕಾಯಿದೆಯು ಮುಂದಿನ ಯಂತ್ರದ ಬೆನ್ನುಹತ್ತಿ ಸದಾ ಓಡುತ್ತಲೇ ಇರಬೇಕಾಗುತ್ತದೆ. ಕಾಯಿದೆಯು ಸ್ಥಳದಿಂದ ಆರಂಭವಾಗತಕ್ಕದ್ದು. ಇಂತಿಷ್ಟು ಅಗಲದ ಬೀದಿ, ಇಂತಿಷ್ಟು ಜನಸಂದಣಿ, ಇಂಥ ಕಲ್ಲುಹಾಸು ಇರುವೆಡೆ ನಡಿಗೆಯ ವೇಗಕ್ಕಿಂತ ಹೆಚ್ಚಾಗಿ ಓಡಬಲ್ಲ ಯಾವ ಬಾಡಿಗೆ ವಾಹನವೂ ಕೂಡದೆಂದು ಬರೆದರೆ, ನಾಳೆ ಯಾರು ಏನನ್ನು ಕಂಡುಹಿಡಿದರೂ ಆ ಮಾತು ಹಾಗೆಯೇ ನಿಲ್ಲುತ್ತದೆ.

ನಮ್ಮಲ್ಲಿಯೂ ಒಂದು ಪುರಾತನ ರಾಜಧಾನಿಯಿದೆ. ಆದ್ದರಿಂದಲೇ ದೂರದ ಊರಿನ ವ್ಯಾಜ್ಯವನ್ನು ಕನ್ನಡಿಗರ ಮುಂದಿಟ್ಟೆ. ಹಂಪಿಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಕಡೆಗೆ ಸೇತುವೆ ಕಟ್ಟಿ ವಾಹನಸಂಚಾರಕ್ಕೆ ದಾರಿಮಾಡಲು ಹೊರಟ ಫಲವಾಗಿ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿ, 2006ರವರೆಗೆ ಅಲ್ಲಿಯೇ ಉಳಿಯಿತು. ಇಂದು ವಿಜಯವಿಠ್ಠಲ ದೇವಾಲಯಕ್ಕೆ ಹೋಗುವವರು ಗೆಜ್ಜಲ ಮಂಟಪದ ಬಳಿ ತಮ್ಮ ವಾಹನವನ್ನು ಬಿಟ್ಟು ಬ್ಯಾಟರಿ ಗಾಡಿಯನ್ನು ಹತ್ತುತ್ತಾರೆ. ಈ ಏರ್ಪಾಡು ಮೆಚ್ಚತಕ್ಕದ್ದು: ಹೊಗೆಯುಗುಳುವ ಮೋಟಾರುಗಳನ್ನು ಅದು ದೂರದಲ್ಲಿ ತಡೆಯಿತು, ಗೊತ್ತಾದ ದಾರಿಯಲ್ಲಿ ಗೊತ್ತಾದ ಚಾಲಕರು ಹತ್ತಾರು ಮಂದಿಯನ್ನು ಒಯ್ಯುತ್ತಾರೆ, ಬಿಸಿಲಿನಲ್ಲಿ ನಡೆಯಲಾರದವರಿಗೆ ಅನುಕೂಲವಾಯಿತು. ಶಕ್ತಿಯುಳ್ಳವರು ನಡೆದೇ ಹೋದರೆ ದಾರಿಯಲ್ಲಿ ಕುದುರೆಗೊಂಬೆ ಮಂಟಪದ ಕಂಬಗಳನ್ನೂ ಪುಷ್ಕರಿಣಿಯನ್ನೂ ಬಿಡುವಾಗಿ ನೋಡಬಹುದು.

ಆದರೆ ಬಾಡಿಗೆಯ ಒಂಟಿಸವಾರಿ ವಾಹನಗಳ ವ್ಯಾಪಾರವು ಇಲ್ಲಿಗೂ ಕಾಲಿಡಲು ತಡವಾಗದು, ಮತ್ತು ಅಂಗಡಿಯೊಂದು ತೆರೆದು ಹತ್ತು ಸಂಸಾರಗಳು ಅದನ್ನು ನೆಚ್ಚಿಕೊಂಡ ಮೇಲೆ ಅದನ್ನು ತೆಗೆಸುವುದು ಎಷ್ಟು ಕಷ್ಟವೆಂಬುದನ್ನು ಪ್ರಾಗ್ ತೋರಿಸಿಕೊಟ್ಟಿದೆ. ಆದಕಾರಣ ಹಂಪಿಯ ವಿಶ್ವಪರಂಪರಾ ಪ್ರದೇಶದ ನಿರ್ವಹಣೆಯ ಹೊಣೆ ಹೊತ್ತ ಪ್ರಾಧಿಕಾರವು, ಯಾವ ಹಾದಿಗಳು ಪಾದಚಾರಿಗೆ ಮತ್ತು ಗಾಲಿಕುರ್ಚಿಗೆ ಮಾತ್ರ ಮೀಸಲೆಂಬುದನ್ನು, ಯಾವ ಯಂತ್ರದ ಹೆಸರನ್ನೂ ಎತ್ತದೆ, ಮೊದಲನೆಯ ಪರವಾನಗಿಯ ಅರ್ಜಿ ಬರುವುದಕ್ಕೆ ಮುಂಚೆಯೇ ಬರೆದು ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.