ನಡುಗುವ ಗೆರೆಯೂ ಗೆರೆಯೇ

ಮಕ್ಕಳೇ, ಈ ವಾರ ನಿಮ್ಮ ಅಜ್ಜಿಯ ಒಂದು ಗುಟ್ಟು ಹೇಳುತ್ತೇನೆ. ಎರಡು ವರ್ಷದಿಂದ ನಾನು ರಂಗೋಲಿ ಹಾಕಿಲ್ಲ. ಕೈ ನಡುಗುತ್ತದೆ. ಚುಕ್ಕಿ ಹೇಗೋ ಇಡಬಹುದು, ಎಳೆ ಎಳೆಯಲು ಹೋದರೆ ಗೆರೆ ಹಾವಿನಂತೆ ಹೊರಳುತ್ತದೆ. ನಾಚಿಕೆಯಾಗಿ, ಸೊಂಟನೋವೆಂದು ನೆಪ ಹೇಳಿ ರಂಗೋಲಿ ಡಬ್ಬಿಯನ್ನು ಸೊಸೆಗೆ ಒಪ್ಪಿಸಿಬಿಟ್ಟಿದ್ದೆ.

ಹೋದ ಭಾನುವಾರ ಆರನೇ ತರಗತಿಯ ಮೊಮ್ಮಗಳು ಶಾಯಿ, ಕುಂಚ, ಜಲವರ್ಣದ ಪೆಟ್ಟಿಗೆ ತಂದು ನನ್ನ ಮುಂದೆ ಹರಡಿದಳು.

"ಅಜ್ಜಿ, ಶಾಲೆಗೆ ಅಮೂರ್ತ ಚಿತ್ರ ಬರೆದುಕೊಂಡು ಹೋಗಬೇಕು. ನೀನೂ ಬಾ."

"ಹಾಗಂದರೆ ಏನೇ?"

"ಮರ, ಮನೆ, ಹಸು ಏನೂ ಇರಲ್ಲ. ಬರೀ ಗೆರೆ, ಬಣ್ಣ."

"ಏನೂ ಇಲ್ಲದ್ದು ಎಂಥ ಚಿತ್ರ?"

"ನಿನ್ನ ರಂಗೋಲಿ ನೋಡಿ ಇದು ಯಾವ ಪ್ರಾಣಿ ಅಂತ ಯಾರಾದರೂ ಕೇಳಿದ್ದಾರಾ?"

ನಾನು ಮರುಮಾತಾಡದೆ ಪಕ್ಕದಲ್ಲಿ ಕುಳಿತೆ.

ಮೊದಲ ಹಾಳೆ ಕೆಟ್ಟಿತು. ಫೌಂಟನ್ ಪೆನ್ನಿನ ಶಾಯಿಯಲ್ಲಿ ಗೆರೆ ಎಳೆದು ಮೇಲೆ ಬಣ್ಣ ಹಚ್ಚಿದೆವು. ನೀರು ತಾಗಿದ್ದೇ ಗೆರೆಯೆಲ್ಲ ಕರಗಿ ಹರಡಿತು. ಎರಡನೆಯ ಸಲ ನೀರಿಗೆ ಅಳಿಯದ, ಚಿತ್ರ ಬರೆಯುವ ಕಪ್ಪು ಶಾಯಿ ತೆಗೆದುಕೊಂಡೆವು. ಅದು ಪೂರ್ತಿ ಒಣಗಿದ ಮೇಲೆ ಬಣ್ಣ ಹಚ್ಚಿದರೆ ಗೆರೆ ಅಲುಗುವುದಿಲ್ಲ. ಹಾಳೆಯೂ ದಪ್ಪಗಿರಬೇಕು, ತೆಳು ಹಾಳೆ ಒದ್ದೆಯಾದರೆ ಸುಕ್ಕುಗಟ್ಟುತ್ತದೆ.

ನಿಬ್ಬನ್ನು ಶಾಯಿಯಲ್ಲಿ ಅದ್ದಿ ನನ್ನ ಕೈಗೆ ಕೊಟ್ಟಳು. ಗೆರೆ ನಡುಗಿತು. "ಕೆಟ್ಟುಹೋಯಿತು" ಎಂದೆ. ಶಾಯಿಯನ್ನು ರಬ್ಬರಿನಿಂದ ಅಳಿಸಲಾಗದು. ಆಗ ಅವಳು ತನ್ನ ಚಿತ್ರಕಲೆಯ ಪುಸ್ತಕ ತೆರೆದು ಪೌಲ್ ಕ್ಲೇ ಎಂಬ ಕಲಾವಿದರ ಕಥೆ ಓದಿ ಹೇಳಿದಳು.

ಕ್ಲೇ 1879ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವರು. ಪಿಟೀಲನ್ನೂ ಚೆನ್ನಾಗಿ ನುಡಿಸುತ್ತಿದ್ದರು. ಜರ್ಮನಿಯ ಬೌಹೌಸ್ ಎಂಬ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಗೆರೆಯೆಂದರೆ ಗುರಿಯಿಲ್ಲದೆ ಆರಾಮವಾಗಿ ತಿರುಗಾಡಲು ಹೊರಟ ಚುಕ್ಕಿ ಎಂಬುದು ಅವರ ಕಲ್ಪನೆ. 1935ರಲ್ಲಿ ಅವರಿಗೆ ಚರ್ಮ ಬಿಗಿದುಕೊಳ್ಳುವ ಕಾಯಿಲೆ ಬಂತು. ಆದರೂ ಬಿಡಲಿಲ್ಲ. ಗೆರೆಗಳು ದಪ್ಪಗಾದವು, ಚಿತ್ರಗಳು ಸರಳವಾದವು. ತೀರಿಕೊಳ್ಳುವ ಹಿಂದಿನ ವರ್ಷ, 1939ರಲ್ಲಿ, ಅವರು 1,200ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು!

ಅದನ್ನು ಕೇಳಿ ಮತ್ತೆ ನಿಬ್ಬು ಹಿಡಿದೆ. ಗೆರೆ ನಡುಗಿದಲ್ಲೆಲ್ಲ ನಡುಗಲು ಬಿಟ್ಟೆ. ಒಂದು ಕಡೆ ಶಾಯಿ ತೊಟ್ಟಿಕ್ಕಿತು. ಅದನ್ನೇ ಚುಕ್ಕಿ ಎಂದುಕೊಂಡು ಸುತ್ತ ಎಳೆ ಹಾಕಿದೆ. ಒಣಗಿದ ಮೇಲೆ ಮೊಮ್ಮಗಳು ಹಾಳೆಯ ಒಂದು ಭಾಗ ಒದ್ದೆ ಮಾಡಿ ಹಳದಿ ಮುಟ್ಟಿಸಿದಳು, ಬಣ್ಣ ತಾನಾಗಿ ಹಬ್ಬಿತು. ತಿಳಿಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಹಸಿ ನೀಲಿಯ ಮೇಲೆ ನಾಲ್ಕು ಕಾಳು ಕಲ್ಲುಪ್ಪು ಉದುರಿಸಿದೆವು. ಉಪ್ಪು ನೀರನ್ನು ಹೀರಿಕೊಂಡಲ್ಲಿ ನಕ್ಷತ್ರದಂಥ ಬಿಳಿ ಗುರುತು ಮೂಡಿತು. ಕೆಲವು ಕಡೆ ಹಾಳೆಯ ಬಿಳಿಯನ್ನು ಹಾಗೆಯೇ ಉಳಿಸಿದೆವು.

"ಅಜ್ಜಿ, ನಿನ್ನ ಗೆರೆ ನನಗೆ ಬರಲ್ಲ. ನನ್ನದು ಬರೀ ನೆಟ್ಟಗೆ ಹೋಗುತ್ತೆ" ಎಂದಳು. ನನ್ನ ಕಣ್ಣು ತುಂಬಿತು.

ಸೋಮವಾರ ಬೆಳಿಗ್ಗೆ ಸೊಸೆಯ ಹತ್ತಿರ ರಂಗೋಲಿ ಡಬ್ಬಿ ಕೇಳಿದೆ.

"ಸೊಂಟನೋವು ಹೋಯಿತಾ ಅತ್ತೆ?"

"ಸೊಂಟ ನೋಯುತ್ತಲೇ ಇರಲಿಲ್ಲ ಕಣಮ್ಮ" ಎಂದು ನಿಜ ಹೇಳಿ, ಐದು ಚುಕ್ಕಿಯ ರಂಗೋಲಿ ಹಾಕಿದೆ. ಎಳೆ ಸೊಟ್ಟಗಿತ್ತು. ಇರಲಿ.

ಮಕ್ಕಳೇ, ಈ ಭಾನುವಾರ ನೀವೂ ನಿಮ್ಮ ಅಜ್ಜ ಅಜ್ಜಿಯ ಕೈಗೆ ನಿಬ್ಬು ಕೊಡಿ. ಬೇಡ ಎಂದರೆ ಇನ್ನೊಮ್ಮೆ ಕೇಳಿ.