ಅಂಗೈಯೊಳಗಿನ ದೆವ್ವದ ಮನೆ

ದೆವ್ವದ ಕಥೆಗೆ ದೊಡ್ಡ ಕತ್ತಲೆ ಬೇಕೆಂಬುದು ಸಾಮಾನ್ಯವಾದ ನಂಬಿಕೆ. ಹುಣಿಸೆಯ ತೋಪು, ಪಾಳುಬಿದ್ದ ವಾಡೆ, ಅಮಾವಾಸ್ಯೆಯ ರಾತ್ರಿ ಇವುಗಳಿಲ್ಲದೆ ಹೆದರಿಕೆ ಹುಟ್ಟದೆಂದು ಕಥೆ ಹೇಳುವ ಅಜ್ಜಿಯರೂ ತಿಳಿದಿದ್ದರು, ಚಲಚ್ಚಿತ್ರ ತೆಗೆಯುವವರೂ ತಿಳಿದಿದ್ದಾರೆ. ಆದರೆ ೨೦೧೩ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಹೊರತಂದ ‘ಲೂಯಿಜೀಸ್ ಮ್ಯಾನ್ಷನ್: ಡಾರ್ಕ್ ಮೂನ್’ ಎಂಬ ಆಟವು ಈ ಕತ್ತಲೆಯನ್ನೆಲ್ಲ ಮೂರೂವರೆ ಅಂಗುಲದ ತೆರೆಯೊಂದರಲ್ಲಿ ಅಡಗಿಸಲು ಹೊರಟಿತು. ಇದು ೨೦೦೧ರಲ್ಲಿ ಟೆಲಿವಿಷನ್ನಿಗೆ ಜೋಡಿಸಿ ಆಡುವ ಗೇಮ್‌ಕ್ಯೂಬ್ ಯಂತ್ರಕ್ಕಾಗಿ ಬಂದಿದ್ದ ಆಟದ ಉತ್ತರಭಾಗ. ಕೆನಡಾದ ನೆಕ್ಸ್ಟ್ ಲೆವೆಲ್ ಗೇಮ್ಸ್ ಎಂಬವರು ಇದನ್ನು ರಚಿಸಿದರು. ಆಡುವುದಕ್ಕೆ ಒದಗಿದ್ದು ಕೈಯಲ್ಲಿ ಹಿಡಿಯುವ ತ್ರೀ ಡಿ ಎಸ್ ಯಂತ್ರ. ಇಂಥ ಯಂತ್ರಗಳು ಹೊರದೇಶದ ಬಂಧುಗಳ ಪೆಟ್ಟಿಗೆಯಲ್ಲಿ ಬಂದು ಹರಿಹರ, ದಾವಣಗೆರೆಗಳ ಮನೆಗಳನ್ನು ಸೇರುವುದೂ ಉಂಟಾದುದರಿಂದ, ಈ ಆಟದ ಗುಣದೋಷಗಳನ್ನು ಇಲ್ಲಿ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಕಥೆ ಸರಳವಾದುದು. ಕಣಿವೆಯೊಂದರ ದೆವ್ವಗಳನ್ನು ಸೌಮ್ಯವಾಗಿಟ್ಟಿದ್ದ ಮಾಯಾಚಂದ್ರನನ್ನು ದೆವ್ವಗಳ ಅರಸನು ಒಡೆದು ಚೂರುಮಾಡುತ್ತಾನೆ. ಲೂಯಿಜಿಯೆಂಬ ಪುಕ್ಕಲು ನಾಯಕನು ಬೆನ್ನಿಗೆ ಧೂಳು ಹೀರುವ ಯಂತ್ರವನ್ನು ಕಟ್ಟಿಕೊಂಡು ಐದು ಮನೆಗಳನ್ನು ಹೊಕ್ಕು ಆ ಚೂರುಗಳನ್ನು ತರಬೇಕು. ಫಕ್ಕನೆ ಬೆಳಗುವ ದೀಪದಿಂದ ದೆವ್ವದ ಕಣ್ಣು ಕೋರೈಸಬೇಕು. ಅದು ದಿಗ್ಭ್ರಮೆಗೊಂಡಾಗ ಯಂತ್ರದಿಂದ ಹೀರಬೇಕು. ಅದು ಓಡಿದತ್ತಕ್ಕೆ ವಿರುದ್ಧವಾಗಿ ಎಳೆಯಬೇಕು. ಗಾಳದ ಮೀನನ್ನು ಆಡಿಸಿ ಎಳೆದವರಿಗೆ ಈ ಕೌಶಲದ ಸೊಗಸು ಕೂಡಲೆ ತಿಳಿಯುತ್ತದೆ. ನಾಯಕನು ನಡುಗುತ್ತ ನಡೆಯುವುದು, ಧೈರ್ಯಕ್ಕೆಂದು ಹಿನ್ನೆಲೆಯ ಸಂಗೀತವನ್ನೇ ತಾನೂ ಗುನುಗಿಕೊಳ್ಳುವುದು ಬಹಳ ಸಹಜವಾಗಿವೆ. ಕತ್ತಲ ಓಣಿಯಲ್ಲಿ ದೇವರನಾಮ ಹಾಡಿಕೊಂಡು ನಡೆದವರು ಇದನ್ನು ನೋಡಿ ನಗದಿರಲಾರರು.

ಆದರೆ ಆಟದ ನಿಜವಾದ ಹಿರಿಮೆ ಇರುವುದು ಅದರ ಆಳದಲ್ಲಿ. ‘ಆಳ’ವೆಂಬುದನ್ನು ನಾವು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಕನ್ನಡಕದ ಸಹಾಯವಿಲ್ಲದೆ ಈ ತೆರೆಯಲ್ಲಿ ದೂರ ಸಮೀಪಗಳು ಕಾಣುತ್ತವೆ. ಅದು ಹೇಗೆಂಬುದನ್ನು ತಿಳಿಯಲು ಹರಿಹರೇಶ್ವರ ದೇವಾಲಯಕ್ಕೆ ಹೋದರೆ ಸಾಕು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದ ಆ ಗುಡಿಯ ಮಂಟಪದಲ್ಲಿ ಕಂಬವೊಂದರ ಎದುರು ಸ್ವಲ್ಪ ಹಿಂದೆ ನಿಂತು ಒಂದು ಕಣ್ಣನ್ನು ಮುಚ್ಚಿ ನೋಡಿರಿ. ಕಂಬದ ಆಚೆಗಿರುವ ಕೆಲವು ವಸ್ತುಗಳು ಮರೆಯಾಗಿರುತ್ತವೆ. ಈಗ ಆ ಕಣ್ಣನ್ನು ತೆರೆದು ಇನ್ನೊಂದನ್ನು ಮುಚ್ಚಿದರೆ ಮರೆಯಾದ ಭಾಗವು ಪಕ್ಕಕ್ಕೆ ಸರಿಯುತ್ತದೆ. ಒಂದು ಕಣ್ಣಿಗೆ ಕಾಣದುದು ಇನ್ನೊಂದಕ್ಕೆ ಕಾಣುತ್ತದೆ. ನಮ್ಮ ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರುಗಳ ಅಂತರವಿರುವುದೇ ಇದಕ್ಕೆ ಕಾರಣ.

ಇಂಥ ಕಂಬಗಳನ್ನು ಕೂದಲಿನಷ್ಟು ತೆಳುವಾಗಿಸಿ ಗಾಜಿನ ತೆರೆಗೆ ಅಳವಡಿಸಿದರೆಂದು ಊಹಿಸಿಕೊಳ್ಳಿ. ತೆರೆಯಲ್ಲಿ ಅಡ್ಡಲಾಗಿ ೮೦೦ ಚುಕ್ಕಿಗಳ ಸಾಲುಗಳಿವೆ. ಒಂದು ಸಾಲು ಎಡಗಣ್ಣಿನದು, ಮುಂದಿನದು ಬಲಗಣ್ಣಿನದು. ಹೀಗೆ ಒಂದೊಂದು ಕಣ್ಣಿಗೆ ೪೦೦. ಒಂದರ ಸಾಲುಗಳು ಇನ್ನೊಂದಕ್ಕೆ ಕಾಣದಂತೆ ಆ ಸೂಕ್ಷ್ಮ ಕಂಬಗಳು ತಡೆಯುತ್ತವೆ. ಹರಿಹರನ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಎರಡು ಅರ್ಧಗಳು ಕೂಡಿ ಒಂದೇ ವಿಗ್ರಹ. ಇಲ್ಲಿಯೂ ಹಾಗೆಯೇ. ಆದರೆ ಅರ್ಧಗಳು ಕೂಡುವುದು ಕಲ್ಲಿನಲ್ಲಲ್ಲ, ನೋಡುವವನ ಮಿದುಳಿನಲ್ಲಿ. ಈ ಉಪಾಯವೇನೂ ಹೊಸದಲ್ಲ. ಅಮೆರಿಕದ ಫ್ರೆಡೆರಿಕ್ ಐವ್ಸ್ ೧೯೦೩ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದನು. ತ್ರೀ ಡಿ ಎಸ್ ಯಂತ್ರದಲ್ಲಿ ಕಂಬಗಳು ದ್ರವಸ್ಫಟಿಕದವಾದುದರಿಂದ, ಬೇಡವಾದಾಗ ವಿದ್ಯುತ್ತಿನಿಂದ ಅವುಗಳನ್ನು ಅಳಿಸಿಬಿಡಬಹುದು.

೨೦೦೧ರ ಮೊದಲ ಆಟವನ್ನೂ ಹೀಗೆ ಆಳವಾಗಿ ತೋರಿಸಲು ನಿಂಟೆಂಡೊದವರು ಒಳಗೊಳಗೇ ಪ್ರಯೋಗ ಮಾಡಿದ್ದರು. ಅದಕ್ಕೆ ಬೇಕಾದ ತೆರೆಗೆ ಗೇಮ್‌ಕ್ಯೂಬಿಗಿಂತಲೂ ಹೆಚ್ಚು ಬೆಲೆ ಬೀಳುತ್ತಿದ್ದುದರಿಂದ ಆ ಯೋಚನೆಯನ್ನು ಕೈಬಿಟ್ಟರೆಂದು ಸಂಸ್ಥೆಯ ಅಧ್ಯಕ್ಷರಾಗಿದ್ದ ಸತೋರು ಇವಾಟರೇ ಮುಂದೆ ತಿಳಿಸಿದರು. ಹನ್ನೆರಡು ವರ್ಷಗಳ ಬಳಿಕ ಆ ಬಯಕೆ ಕೈಗೂಡಿತು. ಒಂದೊಂದು ಕೋಣೆಯೂ ಮುಂದಿನ ಗೋಡೆಯನ್ನು ತೆಗೆದ ಗೊಂಬೆಮನೆಯಂತೆ ಕಾಣುತ್ತದೆ. ಜೇಡರ ಬಲೆ ಮುಂದೆ, ಮೇಜು ನಡುವೆ, ಗಡಿಯಾರ ಹಿಂದೆ, ಅದರ ಹಿಂದೆ ಕತ್ತಲೆ. ಗೋಡೆಯ ಕಿಂಡಿಗೆ ಕಣ್ಣಿಟ್ಟು ಆಚೆಯ ಕೋಣೆಯಲ್ಲಿ ದೆವ್ವಗಳು ಮಾಡುವ ಚೇಷ್ಟೆಗಳನ್ನು ಕದ್ದುನೋಡುವ ಪ್ರಸಂಗಗಳಲ್ಲಿ ಈ ಆಳವು ಪರಮಾವಧಿಗೆ ಏರುತ್ತದೆ. ಜಾತ್ರೆಯ ಚಿತ್ರದ ಪೆಟ್ಟಿಗೆಗೆ ಕಣ್ಣಿಟ್ಟ ಮಗುವಿನ ಕುತೂಹಲವೇ ಇಲ್ಲಿಯೂ ಕೆಲಸ ಮಾಡುತ್ತದೆ.

ದೋಷವೂ ಇಲ್ಲಿಂದಲೇ ಮೊದಲಾಗುತ್ತದೆ. ಆ ಸೂಕ್ಷ್ಮ ಕಂಬಗಳು ತೆರೆಯ ಎದುರಿಗೆ ನೆಟ್ಟಗೆ, ತಕ್ಕ ದೂರದಲ್ಲಿ ಇಟ್ಟ ಕಣ್ಣುಗಳಿಗಷ್ಟೇ ಸರಿಯಾಗಿ ಒದಗುತ್ತವೆ. ತಲೆ ಕೊಂಚ ವಾಲಿದರೂ ಒಂದು ದೆವ್ವ ಎರಡಾಗುತ್ತದೆ. ಹೀಗಿದ್ದರೂ ಇಕ್ಕಟ್ಟಾದ ತೊಲೆಯ ಮೇಲೆ ನಾಯಕನನ್ನು ದಾಟಿಸಲು ಯಂತ್ರವನ್ನೇ ಅತ್ತಿತ್ತ ವಾಲಿಸಬೇಕೆಂದು ಆಟವು ಆಜ್ಞಾಪಿಸುತ್ತದೆ. ಅಲುಗಬಾರದ ಯಂತ್ರವನ್ನು ಅಲುಗಿಸೆನ್ನುವುದು ಯಾವ ನ್ಯಾಯ? ಒಂದು ವಿಜ್ಞಾನವು ಇನ್ನೊಂದರ ಕಾಲೆಳೆಯುವುದೆಂದರೆ ಇದೇ. ನೋಡುವವನ ಮುಖವನ್ನು ಗುರುತಿಸಿ ಕಂಬಗಳನ್ನು ಸರಿಸಿಕೊಳ್ಳುವ ಸುಧಾರಿತ ಯಂತ್ರವು ೨೦೧೪ರಲ್ಲಿ ಬಂದು ಈ ತೊಡಕನ್ನು ಬಹುಮಟ್ಟಿಗೆ ಕಡಿಮೆ ಮಾಡಿತು. ಆದರೆ ಆಟವು ಬರೆಯಲ್ಪಟ್ಟುದು ಹಳೆಯದಕ್ಕೆ.

ಇದಕ್ಕಿಂತ ದೊಡ್ಡ ವಿರೋಧವು ಆಟದ ಕಟ್ಟಡದಲ್ಲಿಯೇ ಇದೆ. ಕೈಯಂತ್ರದಲ್ಲಿ ಆಡುವವರು ಪ್ರಯಾಣದಲ್ಲಿ ಆಡುವರೆಂದು ಭಾವಿಸಿಯೋ ಏನೋ, ಕಥೆಯನ್ನು ಚಿಕ್ಕ ಚಿಕ್ಕ ಕಾರ್ಯಗಳಾಗಿ ತುಂಡರಿಸಿದ್ದಾರೆ. ಹರಿಹರದಲ್ಲಿ ಬಸ್ಸು ಹತ್ತಿದವನು ದಾವಣಗೆರೆಯಲ್ಲಿ ಇಳಿಯುವಷ್ಟರಲ್ಲಿ ಒಂದು ಕಾರ್ಯ ಮುಗಿಯಬಹುದು. ಆದರೆ ಆ ಬಸ್ಸಿನ ಕುಲುಕಾಟದಲ್ಲಿ ಆಳದ ಚಿತ್ರ ನಿಲ್ಲುವುದೆಂತು? ಮನೆಯಲ್ಲಿ ನಿಶ್ಚಲವಾಗಿ ಕುಳಿತವನಿಗೋ, ಈ ತುಂಡುಗಳು ಬೇಕಾಗಿಯೇ ಇಲ್ಲ. ಭಯವು ಹದಕ್ಕೆ ಬರುವಷ್ಟರಲ್ಲಿ ಪ್ರೊಫೆಸರ್ ಮಹಾಶಯನು ಕರೆಮಾಡಿ, ನಾಯಕನನ್ನು ತನ್ನ ಬೆಳಕಿನ ಪ್ರಯೋಗಶಾಲೆಗೆ ಎಳೆದುಕೊಂಡು, ಅಂಕಗಳ ಪಟ್ಟಿ ಒಪ್ಪಿಸುತ್ತಾನೆ. ದೆವ್ವದ ಮನೆಯಿಂದ ಇಷ್ಟು ಸುಲಭವಾಗಿ ಹೊರಬರಬಹುದಾದರೆ ಅಲ್ಲಿ ಹೆದರುವುದೇಕೆ? ಕಾರ್ಯದ ನಡುವೆ ಆಟವನ್ನು ಉಳಿಸಿಕೊಳ್ಳುವ ಏರ್ಪಾಡೂ ಇಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಕ್ಕೆ ಕಳಿಸುವ ಸೌಕರ್ಯ ನಮ್ಮ ಜನಕ್ಕೆ ಇತ್ತು. ಈ ಆಟದಲ್ಲಿ ಅದೂ ಇಲ್ಲ. ಮುಚ್ಚಳ ಮುಚ್ಚಿ ಯಂತ್ರವನ್ನು ಮಲಗಿಸಬಹುದು, ಅಷ್ಟೆ. ಕೊನೆಯ ಗಳಿಗೆಯಲ್ಲಿ ನಾಯಕನು ಸೋತರೆ ಕಾರ್ಯವನ್ನು ಮೊದಲಿನಿಂದ ಆರಂಭಿಸಬೇಕು. ಮೊದಲೇ ಚಿನ್ನದ ಎಲುಬೊಂದು ಸಿಕ್ಕಿದ್ದರೆ ಮಾತ್ರ ಒಮ್ಮೆ ಬದುಕಿಕೊಳ್ಳುತ್ತಾನೆ.

ದೆವ್ವಗಳ ವಿಷಯದಲ್ಲಿಯೂ ಮೊದಲ ಆಟವೇ ಮೇಲು. ಅಲ್ಲಿ ಓದುವ ಕೋಣೆಯಲ್ಲಿ ಪುಸ್ತಕ ಹಿಡಿದ ಯಜಮಾನನಿದ್ದನು, ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವ ಯಜಮಾನಿತಿಯಿದ್ದಳು. ಅವರವರ ಚಾಳಿಯನ್ನು ಅರಿತೇ ಅವರನ್ನು ಹಿಡಿಯಬೇಕಾಗಿತ್ತು. ನಮ್ಮ ಹಳ್ಳಿಯ ದೆವ್ವಗಳಿಗೂ ಊರು, ಮನೆತನ, ಸತ್ತ ಕಾರಣ ಎಲ್ಲ ಇರುತ್ತವಷ್ಟೆ. ಉತ್ತರಭಾಗದಲ್ಲಿ ಬಹುಪಾಲು ಹಸುರು ದೆವ್ವ, ಕೆಂಪು ದೆವ್ವ ಎಂಬ ಜಾತಿಗಳು ಮಾತ್ರ ಉಳಿದಿವೆ. ಅವುಗಳ ಕುಚೋದ್ಯ ಚೆನ್ನಾಗಿದೆ, ಚರಿತ್ರೆ ಇಲ್ಲ.

ತ್ರೀ ಡಿ ಎಸ್ ಯಂತ್ರದ ತಯಾರಿಕೆ ೨೦೨೦ರಲ್ಲಿ ನಿಂತಿತು. ೨೦೨೪ರ ಏಪ್ರಿಲಿನಲ್ಲಿ ಅದರ ಅಂತರ್ಜಾಲದ ಆಟವೂ ಕೊನೆಗೊಂಡಿತು. ಅದೇ ವರ್ಷದ ಜೂನ್ ೨೭ರಂದು ಈ ಆಟವು ಸ್ವಿಚ್ ಯಂತ್ರಕ್ಕಾಗಿ ಮರುಮುದ್ರಣವಾಗಿ ಬಂದಿತು. ಚಿತ್ರವು ಬಹಳ ಸ್ಫುಟವಾಗಿದೆ, ತೆರೆ ದೊಡ್ಡದಾಗಿದೆ. ಆದರೆ ಆಳ ಹೋಯಿತು. ಕಾರ್ಯಗಳ ತುಂಡುಗಳೂ ಪ್ರೊಫೆಸರನ ಕರೆಗಳೂ ಇದ್ದಂತೆಯೇ ಉಳಿದವು. ಗುಣವನ್ನು ತೆಗೆದು ದೋಷಕ್ಕೆ ಸುಣ್ಣಬಣ್ಣ ಬಳಿದಂತಾಯಿತೆಂದು ನಾವು ಹೇಳಿದರೆ ಪ್ರಕಾಶಕರಿಗೆ ಕೋಪ ಬರಬಹುದು. ಆದರೂ ನಮ್ಮ ಅಭಿಪ್ರಾಯ ಅದೇ. ಹಳೆಯ ಯಂತ್ರ ಮನೆಯಲ್ಲಿದ್ದವರು ಅದರಲ್ಲಿಯೇ ಆಡುವುದು ಮೇಲು. ಒಂದೆರಡು ಸಂಗತಿಗಳನ್ನು ಮಾತ್ರ ನೆನಪಿನಲ್ಲಿಡಬೇಕು. ಅಮೆರಿಕದ ಯಂತ್ರಕ್ಕೆ ಯೂರೋಪಿನಿಂದ ತಂದ ಆಟ ಹೊಂದುವುದಿಲ್ಲ. ಆರು ವರ್ಷ ಮತ್ತು ಅದಕ್ಕೂ ಚಿಕ್ಕ ಮಕ್ಕಳಿಗೆ ಆಳದ ಚಿತ್ರವನ್ನು ತೋರಿಸಬಾರದೆಂದು ತಯಾರಕರೇ ಎಚ್ಚರಿಸಿದ್ದಾರೆ. ಅದಕ್ಕಾಗಿ ತೆರೆಯ ಪಕ್ಕದ ಜಾರುಗುಂಡಿಯನ್ನು ಪೂರ್ತಿ ಕೆಳಕ್ಕೆ ಎಳೆದಿಡಬೇಕು.